ಅಜ್ಜನ ಮಾತ್ರೆ ಪಟ್ಟಿ ಮತ್ತು ಕೂದಲೆಳೆಯ ಗೆರೆ

ಕಳೆದ ಮಳೆಗಾಲದ ಒಂದು ಬೆಳಗ್ಗೆ, ರಾತ್ರಿ ಮಲಗುವ ಮುನ್ನ ನುಂಗಬೇಕಾದ ಮಾತ್ರೆಯನ್ನು ನಾನು ತಿಂಡಿಯ ಜೊತೆಗೇ ನುಂಗಿಬಿಟ್ಟೆ. ಹತ್ತು ಗಂಟೆಯ ಹೊತ್ತಿಗೆ ಕಣ್ಣು ಎಳೆಯತೊಡಗಿತು. ಪೇಪರ್ ಓದುತ್ತಿದ್ದವನು ಕುರ್ಚಿಯಲ್ಲೇ ತೂಕಡಿಸಿದೆ. ಕೈಯಲ್ಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿದ್ದು ಒಂದು ಗಾಜು ಒಡೆಯಿತು. ನಮ್ಮ ಮನೆಯಾಕೆಗೆ ಗಾಬರಿಯೋ ಗಾಬರಿ. ಡಾಕ್ಟರಿಗೆ ಫೋನ್ ಮಾಡಿದಾಗ, "ಇವತ್ತು ರಾತ್ರಿ ಅದನ್ನು ಮತ್ತೆ ಕೊಡಬೇಡಿ. ಮಲಗಲಿ ಬಿಡಿ. ಎದ್ದು ಓಡಾಡುವಾಗ ಮಾತ್ರ ಜೊತೆಗಿರಿ" ಎಂದರು. ಸಂಜೆಯ ಹೊತ್ತಿಗೆ ನಾನು ಸರಿಹೋದೆ.

ಸರಿಹೋಗದೆ ಉಳಿದವಳು ನನ್ನ ಮೊಮ್ಮಗಳು. ಅವಳು ಒಂಬತ್ತನೇ ತರಗತಿ. ಕಂಪ್ಯೂಟರ್ ಪಾಠದಲ್ಲಿ ವೆಬ್ ಪುಟ ಮಾಡುವುದನ್ನು ಕಲಿತ ಹುರುಪಿನಲ್ಲಿ ನನ್ನ ಆರು ಮಾತ್ರೆಗಳ ಪಟ್ಟಿಯನ್ನು ಅವಳೇ ಒಂದು ಪುಟವಾಗಿ ಮಾಡಿ, ಮನೆಯಲ್ಲಿದ್ದ ಹಳೆಯ ಟ್ಯಾಬ್‌ಗೆ ಹಾಕಿ, ಊಟದ ಮೇಜಿನ ಮೇಲೆ ನಿಲ್ಲಿಸಿದ್ದಳು. ಮಾತ್ರೆಯ ಹೆಸರು, ಬಣ್ಣ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಐದು ಕಂಬಸಾಲು. ಕೆಳಗೆ ಆರು ಅಡ್ಡಸಾಲು. ಅದನ್ನು ನೋಡಿಕೊಂಡೇ ನಾನು ತಪ್ಪು ಮಾತ್ರೆ ನುಂಗಿದ್ದು.

ಶಾಲೆಯಿಂದ ಬಂದು ವಿಷಯ ತಿಳಿದವಳೇ ಟ್ಯಾಬ್ ಎತ್ತಿಕೊಂಡು ವೈದ್ಯರ ಚೀಟಿಯ ಜೊತೆ ಒಂದೊಂದೇ ಸಾಲು ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ. "ನಾನು ಸರಿಯಾಗೇ ಬರೆದಿದ್ದೀನಲ್ಲ ಅಜ್ಜ, ಮತ್ತೆ ಹೇಗೆ ತಪ್ಪಾಯ್ತು?" ಎನ್ನುವಾಗ ಅವಳ ಗಂಟಲು ಕಟ್ಟಿತ್ತು. "ಇನ್ಮೇಲೆ ಈ ಪಟ್ಟಿ ಬೇಡ" ಎಂದು ಅದನ್ನು ಅಳಿಸಲು ಹೊರಟಳು.

ನಾನು ತಡೆದೆ. ಮೂವತ್ತಕ್ಕೂ ಹೆಚ್ಚು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು ನಾನು. ಅಂಕಿಗಳೆಲ್ಲ ಸರಿಯಿದ್ದೂ ಓದುಗ ತಪ್ಪಿ ಬೀಳುವ ಪಟ್ಟಿಗಳನ್ನು ಎಷ್ಟೋ ನೋಡಿದ್ದೇನೆ. "ತಪ್ಪು ನಿನ್ನ ಬರಹದಲ್ಲಿಲ್ಲ ಪುಟ್ಟಿ, ಗೆರೆಯಲ್ಲಿದೆ. ಇಷ್ಟು ದಪ್ಪ ಗೆರೆ ಯಾಕೆ ಎಳೆದೆ?" ಎಂದು ಕೇಳಿದೆ.

"ನಿಮಗೆ ಕಣ್ಣು ಮಂಜು ಅಲ್ವಾ? ಗೆರೆ ದಪ್ಪ ಇದ್ದರೆ ಚೆನ್ನಾಗಿ ಕಾಣುತ್ತೆ ಅಂತ."

ಕಾಣುತ್ತಿತ್ತು, ನಿಜ. ಗೆರೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು! ಅಕ್ಷರ ಹಿಂದೆ ಸರಿದಿತ್ತು. ಮಾತ್ರೆಯ ಹೆಸರಿನಿಂದ ಹೊರಟ ನನ್ನ ಕಣ್ಣು ನಾಲ್ಕು ಕಪ್ಪು ಗೋಡೆಗಳನ್ನು ಹಾರಿ 'ಬೆಳಗ್ಗೆ', 'ರಾತ್ರಿ'ಗಳ ಕೋಣೆ ಸೇರಬೇಕಿತ್ತು. ನಡುವೆ ಎಲ್ಲೋ ಒಂದು ಸಾಲು ಕೆಳಕ್ಕೆ ಜಾರಿತ್ತು.

ಅಂದಿನಿಂದ ನಾಲ್ಕು ಸಂಜೆ ನಾವಿಬ್ಬರೂ ಆ ಪಟ್ಟಿಯ ಮುಂದೆ ಕುಳಿತೆವು. ಅವಳಿಗೆ ಕಂಪ್ಯೂಟರ್ ಗೊತ್ತು, ನನಗೆ ಗೆರೆ ಗೊತ್ತು. ಆ ನಾಲ್ಕು ಸಂಜೆಗಳಲ್ಲಿ ನಾವು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕೋಷ್ಟಕ ಎಂದರೆ ಕೋಣೆಗಳ ಮನೆ

ಪಟ್ಟಿಗೆ ನಾವು ಕೋಷ್ಟಕ ಎನ್ನುತ್ತೇವೆ. ಸಂಸ್ಕೃತದ 'ಕೋಷ್ಠ' ಎಂಬ ಪದಕ್ಕೆ ಕೋಣೆ, ಉಗ್ರಾಣ ಎಂಬ ಅರ್ಥಗಳಿವೆ. ಒಂದೊಂದು ಚೌಕವೂ ಒಂದು ಕೋಣೆ. ಒಳಗೆ ಒಂದು ಅಂಕಿಯೋ ಹೆಸರೋ ವಾಸವಾಗಿದೆ. ಇಂಗ್ಲಿಷಿನ 'ಟೇಬಲ್' ಎಂಬ ಮಾತು ಹಲಗೆ ಎಂಬ ಅರ್ಥದ ಲ್ಯಾಟಿನ್ ಪದ 'ಟ್ಯಾಬುಲಾ'ದಿಂದ ಬಂದದ್ದು. 'ಟ್ಯಾಬ್ಲೆಟ್' ಎಂದರೆ ಪುಟ್ಟ ಹಲಗೆ. ಅಂದರೆ ನಮ್ಮ ಮನೆಯಲ್ಲಿ ಟ್ಯಾಬ್ಲೆಟ್ ಎಂಬ ಹಲಗೆಯ ಮೇಲೆ ಟ್ಯಾಬ್ಲೆಟ್ ಎಂಬ ಮಾತ್ರೆಗಳ ಟೇಬಲ್ ಇತ್ತು! ಇದನ್ನು ಹೇಳಿದಾಗ ಮೊಮ್ಮಗಳು ಆ ದಿನ ಮೊದಲ ಬಾರಿ ನಕ್ಕಳು.

ಪಟ್ಟಿ ಬರೆಯುವುದು ಮನುಷ್ಯನಿಗೆ ಬಹಳ ಹಳೆಯ ಅಭ್ಯಾಸ. ಅಮೆರಿಕದ ನ್ಯೂಯಾರ್ಕ್‌ನಲ್ಲಿರುವ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಗೈಗಿಂತ ತುಸು ದೊಡ್ಡದಾದ ಒಂದು ಮಣ್ಣಿನ ಹಲಗೆ ಇದೆ. ಅದರ ಹೆಸರು 'ಪ್ಲಿಂಪ್ಟನ್ 322'. ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ಸುಮಾರು 3,800 ವರ್ಷಗಳ ಹಿಂದೆ ಯಾರೋ ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಒತ್ತಿ ಬರೆದ ಗಣಿತದ ಪಟ್ಟಿ ಅದು. ನಾಲ್ಕು ಕಂಬಸಾಲು, 15 ಅಡ್ಡಸಾಲು, ಮೇಲೆ ಪ್ರತಿ ಕಂಬಸಾಲಿಗೂ ಒಂದೊಂದು ಶೀರ್ಷಿಕೆ. ನಡುವೆ ಗೆರೆಗಳೂ ಇವೆ. ಇಂದು ನಾವು ಬಳಸುವ ಪಟ್ಟಿಗೂ ಅದಕ್ಕೂ ರೂಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಹಿತ್ತಾಳೆಯ ಗೆರೆಗಳ ಕಾಲ

ನಾನು ಕೆಲಸ ಕಲಿತ ಅಚ್ಚುಕೂಟದಲ್ಲಿ ಅಕ್ಷರಗಳು ಸೀಸದ ಮೊಳೆಗಳು, ಗೆರೆಗಳು ಹಿತ್ತಾಳೆಯ ಪಟ್ಟಿಗಳು. ಗೆರೆ ತೆಳ್ಳಗೆ ಬರಬೇಕಾದರೆ ಹಿತ್ತಾಳೆಯ ಅಂಚು ಕತ್ತಿಯಂತೆ ಹರಿತವಾಗಿರಬೇಕು. ಪಂಚಾಂಗ, ಜಮಾಖರ್ಚಿನ ವರದಿ, ಪರೀಕ್ಷೆಯ ಅಂಕಪಟ್ಟಿ ಬಂತೆಂದರೆ ನಮಗೆಲ್ಲ ತಲೆನೋವು. ಯಾಕೆಂದರೆ ಅಡ್ಡಗೆರೆಯ ಹಿತ್ತಾಳೆಯೂ ಉದ್ದಗೆರೆಯ ಹಿತ್ತಾಳೆಯೂ ಒಂದೇ ಜಾಗದಲ್ಲಿ ಹಾದುಹೋಗುವುದು ಸಾಧ್ಯವಿಲ್ಲ. ಎರಡರಲ್ಲಿ ಒಂದನ್ನು ತುಂಡು ತುಂಡು ಮಾಡಿ ಜೋಡಿಸಬೇಕು. ಎಷ್ಟು ಬಿಗಿ ಮಾಡಿದರೂ ಮೂಲೆಗಳಲ್ಲಿ ಸಣ್ಣ ಬಿರುಕು ಉಳಿಯುತ್ತಿತ್ತು. ಹಳೆಯ ಪುಸ್ತಕಗಳ ಪಟ್ಟಿಗಳನ್ನು ಹತ್ತಿರದಿಂದ ನೋಡಿ. ಗೆರೆ ಗೆರೆ ಕೂಡುವಲ್ಲಿ ಕೂದಲಿನಷ್ಟು ಬಿಳಿ ಕಾಣುತ್ತದೆ.

ಹೀಗಾಗಿ ಅನುಭವಸ್ಥರು ಉದ್ದಗೆರೆಗಳನ್ನು ಆದಷ್ಟು ಬಿಟ್ಟು, ಅಡ್ಡಗೆರೆಗಳನ್ನು ಮಾತ್ರ ಇಡುತ್ತಿದ್ದರು. ಕೆಲಸ ಉಳಿಯುತ್ತಿತ್ತು, ಓದಲೂ ಚೆನ್ನಾಗಿರುತ್ತಿತ್ತು. ನನಗೆ ಕೆಲಸ ಹೇಳಿಕೊಟ್ಟ ಹಿರಿಯರು, ಗೆರೆ ಹಾಕುವ ಮುಂಚೆ ಅದು ಯಾರಿಗೆ ಬೇಕು ಎಂದು ಕೇಳಿಕೋ ಎನ್ನುತ್ತಿದ್ದರು.

ವೆಬ್ ಪುಟಕ್ಕೆ ಪಟ್ಟಿ ಬಂದದ್ದು

ಇನ್ನು ಮೊಮ್ಮಗಳ ಸರದಿ. ಅವಳು ಹೇಳಿದ್ದನ್ನು, ನಾವಿಬ್ಬರೂ ಹುಡುಕಿ ಓದಿದ್ದನ್ನು ಕೂಡಿಸಿ ಬರೆಯುತ್ತೇನೆ.

ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಯೋಚನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಜಗತ್ತಿಗೆ ತೆರೆದುಕೊಂಡಿತು. ವೆಬ್ ಪುಟ ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಮೊದಮೊದಲು ಆ ಭಾಷೆಯಲ್ಲಿ ಪಟ್ಟಿಗೆ ಜಾಗವೇ ಇರಲಿಲ್ಲ. ಶೀರ್ಷಿಕೆ, ಪ್ಯಾರಾ, ಕೊಂಡಿ ಇಂಥವು ಇದ್ದವು. ಅಂಕಿಗಳನ್ನು ಸಾಲಾಗಿ ತೋರಿಸಬೇಕಾದವರು ಟೈಪ್‌ರೈಟರಿನಂತೆ ಖಾಲಿ ಜಾಗ ಒತ್ತಿ ಒತ್ತಿ ಹೊಂದಿಸುತ್ತಿದ್ದರು.

1995ರಲ್ಲಿ ಆ ಕಾಲದ ಜನಪ್ರಿಯ ಬ್ರೌಸರ್ ನೆಟ್‌ಸ್ಕೇಪ್ ಪಟ್ಟಿಗಳನ್ನು ತೋರಿಸತೊಡಗಿತು. 1996ರಲ್ಲಿ ಡೇವ್ ರಾಗೆಟ್ ಎಂಬ ತಜ್ಞರು ಪಟ್ಟಿ ಬರೆಯುವ ಕ್ರಮವನ್ನು ದಾಖಲೆಯಾಗಿ ಪ್ರಕಟಿಸಿದರು. ಕ್ರಮ ಸರಳ. ಇಡೀ ಪಟ್ಟಿಗೆ 'ಟೇಬಲ್', ಒಂದು ಅಡ್ಡಸಾಲಿಗೆ 'ಟಿಆರ್', ಒಂದು ಕೋಣೆಗೆ 'ಟಿಡಿ', ಶೀರ್ಷಿಕೆಯ ಕೋಣೆಗೆ 'ಟಿಎಚ್'. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಆದರೆ ಕೋಣೆಯ ಒಳಗೆ ಧಾರಾಳವಾಗಿ ಕನ್ನಡ ಬರೆಯಬಹುದು.

ಗೆರೆ ಬೇಕೆಂದರೆ 'ಬಾರ್ಡರ್' ಎಂದು ಬರೆದು ಒಂದು ಅಂಕಿ ಕೊಟ್ಟರೆ ಸಾಕಿತ್ತು. ಆದರೆ ಬಂದ ಗೆರೆ ಚೆಂದವಿರಲಿಲ್ಲ. ಉಬ್ಬಿ ತಗ್ಗಿದಂತೆ, ಮರದ ಚೌಕಟ್ಟಿಗೆ ಕೆತ್ತನೆ ಮಾಡಿದಂತೆ ಕಾಣುತ್ತಿತ್ತು. ತೆಳುವಾದ ಒಂದೇ ಗೆರೆ ಬೇಕೆಂದವರಿಗೆ ನೇರ ದಾರಿ ಇರಲಿಲ್ಲ. ಅದಕ್ಕೆ ಆಗಿನವರು ಒಂದು ಉಪಾಯ ಮಾಡಿದರು. ಪಟ್ಟಿಯ ಹಿನ್ನೆಲೆಗೆ ಕಪ್ಪು ಬಣ್ಣ, ಪ್ರತಿ ಕೋಣೆಗೂ ಬಿಳಿ ಬಣ್ಣ, ಕೋಣೆ ಕೋಣೆಯ ನಡುವೆ ಒಂದೇ ಚುಕ್ಕೆಯಷ್ಟು ಸಂದು. ಆ ಸಂದಿನಲ್ಲಿ ಹಿಂದಿನ ಕಪ್ಪು ಇಣುಕುತ್ತಿತ್ತು. ನೋಡುವವರಿಗೆ ಅದು ತೆಳುವಾದ ಕಪ್ಪು ಗೆರೆ!

ಮಕ್ಕಳೇ, ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಕಪ್ಪು ಕಾಗದದ ಮೇಲೆ ಬಿಳಿ ಕಾಗದದ ಚೌಕಗಳನ್ನು ಸ್ವಲ್ಪವೇ ಸಂದು ಬಿಟ್ಟು ಅಂಟಿಸಿ. ಪೆನ್ನು ಮುಟ್ಟದೆ ಗೆರೆ ಮೂಡುತ್ತದೆ.

ಇಂಥ ಸರ್ಕಸ್ಸನ್ನು ತಪ್ಪಿಸಿದ್ದು ಸಿಎಸ್‌ಎಸ್ ಎಂಬ ಇನ್ನೊಂದು ಭಾಷೆ. ಎಚ್‌ಟಿಎಂಎಲ್ ಮನೆ ಕಟ್ಟಿದರೆ, ಸಿಎಸ್‌ಎಸ್ ಸುಣ್ಣಬಣ್ಣ ಬಳಿಯುತ್ತದೆ. ನಾರ್ವೆಯ ಹೋಕನ್ ವಿಯಂ ಲೀ 1994ರಲ್ಲಿ ಇದರ ಪ್ರಸ್ತಾಪ ಮಾಡಿದರು. ನೆದರ್ಲೆಂಡ್ಸ್‌ನ ಬರ್ಟ್ ಬಾಸ್ ಅವರ ಜೊತೆಗೂಡಿ ರೂಪಿಸಿದ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಬಂತು. ಪಟ್ಟಿಯ ಗೆರೆಗಳ ನಿಯಮಗಳು ಸೇರಿಕೊಂಡದ್ದು 1998ರ ಎರಡನೆಯ ಆವೃತ್ತಿಯಲ್ಲಿ.

ವಠಾರದ ನಡುಗೋಡೆ

ಆ ನಿಯಮಗಳಲ್ಲಿ ಮುಖ್ಯವಾದದ್ದು 'ಬಾರ್ಡರ್-ಕೊಲ್ಯಾಪ್ಸ್'. ಹೆಸರು ಕೇಳಿ ಏನೋ ಕುಸಿದು ಬಿತ್ತು ಎಂದುಕೊಂಡೆ. ಮೊಮ್ಮಗಳು ವಿವರಿಸಿದಾಗ ನನಗೆ ನೆನಪಾದದ್ದು ನಾವು ಹಿಂದೆ ಇದ್ದ ವಠಾರ.

ಬಿಡಿ ಬಿಡಿ ಮನೆಗಳಿಗೆ ಅವರವರದೇ ಗೋಡೆ. ನಡುವೆ ಒಂದು ಓಣಿ. ವಠಾರದಲ್ಲಿ ಹಾಗಲ್ಲ. ಎರಡು ಮನೆಗೆ ನಡುಗೋಡೆ ಒಂದೇ. ವೆಬ್ ಪಟ್ಟಿಯಲ್ಲೂ ಹೀಗೆ ಎರಡು ಬಗೆ. ನಾವೇನೂ ಹೇಳದಿದ್ದರೆ ಬ್ರೌಸರ್ ಪ್ರತಿ ಕೋಣೆಯನ್ನೂ ಬಿಡಿ ಮನೆ ಎಂದೇ ತಿಳಿಯುತ್ತದೆ. ಪ್ರತಿ ಕೋಣೆಗೂ ಸ್ವಂತ ಗೆರೆ, ನಡುವೆ ಎರಡು ಪಿಕ್ಸೆಲ್ ಓಣಿ.

ಮೊಮ್ಮಗಳು ಮೂರು ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಕೊಟ್ಟಿದ್ದಳು. ಲೆಕ್ಕ ಹಾಕಿ. ಈ ಕೋಣೆಯ ಗೆರೆ 3, ಓಣಿ 2, ಆ ಕೋಣೆಯ ಗೆರೆ 3. ಎರಡು ಅಂಕಿಗಳ ನಡುವೆ ಒಟ್ಟು 8 ಪಿಕ್ಸೆಲ್‌ನ ಕಪ್ಪು-ಬಿಳಿ-ಕಪ್ಪು ಪಟ್ಟೆ! ಶೀರ್ಷಿಕೆಯೂ ಸೇರಿ ಏಳು ಅಡ್ಡಸಾಲು ಎಂದರೆ ಅವುಗಳ ನಡುವೆ ಇಂಥ ಆರು ಪಟ್ಟೆ, 48 ಪಿಕ್ಸೆಲ್. ಆ ಜಾಗವೆಲ್ಲ ಗೋಡೆಗೇ ಹೋಗಿತ್ತು, ಅಕ್ಷರಕ್ಕೆ ಉಳಿದದ್ದು ಇಕ್ಕಟ್ಟು.

'ಬಾರ್ಡರ್-ಕೊಲ್ಯಾಪ್ಸ್' ಎಂಬುದಕ್ಕೆ 'ಕೊಲ್ಯಾಪ್ಸ್' ಎಂಬ ಬೆಲೆ ಕೊಟ್ಟು, ಗೆರೆಯನ್ನು ಒಂದು ಪಿಕ್ಸೆಲ್‌ಗೆ ಇಳಿಸಿದಳು. ಓಣಿ ಮಾಯ. ಎರಡು ಗೋಡೆ ಸೇರಿ ಒಂದಾಯಿತು. 8 ಇದ್ದದ್ದು 1 ಆಯಿತು. ಪರದೆಯ ಮೇಲೆ ಪಟ್ಟಿ ಒಮ್ಮೆಲೇ ಉಸಿರುಬಿಟ್ಟ ಹಾಗೆ ಕಂಡಿತು.

ನಡುಗೋಡೆ ಒಂದೇ ಎಂದಮೇಲೆ ಜಗಳವೂ ಇರುತ್ತದೆ. ಒಬ್ಬ ದಪ್ಪ ಗೋಡೆ ಬೇಕೆನ್ನುತ್ತಾನೆ, ಇನ್ನೊಬ್ಬ ತೆಳು ಸಾಕೆನ್ನುತ್ತಾನೆ. ಸಿಎಸ್‌ಎಸ್ ಇದಕ್ಕೂ ಪಂಚಾಯ್ತಿ ಮಾಡಿಟ್ಟಿದೆ. ಇಬ್ಬರಲ್ಲಿ ದಪ್ಪ ಕೇಳಿದವನದೇ ಗೆಲುವು. ದಪ್ಪ ಸಮನಾದರೆ ಶೈಲಿ ನೋಡಬೇಕು. ಜೋಡಿ ಗೆರೆ ಒಂಟಿ ಗೆರೆಯನ್ನು ಗೆಲ್ಲುತ್ತದೆ, ಒಂಟಿ ಗೆರೆ ತುಂಡುಗೆರೆಯನ್ನು, ತುಂಡುಗೆರೆ ಚುಕ್ಕೆಗೆರೆಯನ್ನು. ಅದೂ ಸಮನಾದರೆ ಇಡೀ ಪಟ್ಟಿಗಿಂತ ಅಡ್ಡಸಾಲಿನ ಮಾತು ದೊಡ್ಡದು, ಅಡ್ಡಸಾಲಿಗಿಂತ ಕೋಣೆಯ ಮಾತು ದೊಡ್ಡದು. ಆದರೆ ಯಾರಾದರೂ ಒಬ್ಬರು 'ಹಿಡನ್', ಅಂದರೆ 'ಇಲ್ಲಿ ಗೆರೆ ಕಾಣಲೇಬಾರದು' ಎಂದರೆ, ಉಳಿದವರೆಲ್ಲ ಸುಮ್ಮನಾಗಬೇಕು.

ಒಂದು ಪಿಕ್ಸೆಲ್ ಎಂದರೆ ಎಷ್ಟು?

ಸಿಎಸ್‌ಎಸ್ ಲೆಕ್ಕದಲ್ಲಿ ಒಂದು ಇಂಚಿಗೆ 96 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ ಸುಮಾರು ಕಾಲು ಮಿಲಿಮೀಟರ್. ಹಿಂದಿನ ಪರದೆಗಳಲ್ಲಿ ಒಂದು ಪಿಕ್ಸೆಲ್ ಗೆರೆ ಎಂದರೆ ಪರದೆಯ ಒಂದು ಚುಕ್ಕೆಯ ಅಗಲ. ಅದಕ್ಕಿಂತ ತೆಳುವಾದ ಗೆರೆ ಸಾಧ್ಯವೇ ಇರಲಿಲ್ಲ. 2010ರಲ್ಲಿ ಬಂದ ಐಫೋನ್ 4ರಲ್ಲಿ ಒಂದು ಇಂಚಿಗೆ 326 ಚುಕ್ಕೆಗಳಿದ್ದವು, ಅದರ ಹಿಂದಿನದರಲ್ಲಿ 163. ಅಂದಿನಿಂದ ಫೋನುಗಳ ಚುಕ್ಕೆ ಸಣ್ಣದಾಗುತ್ತ ಬಂದಿದೆ. ಈಗ ಒಂದು ಪಿಕ್ಸೆಲ್ ಗೆರೆಗೆ ಫೋನು ಎರಡು ಮೂರು ಚುಕ್ಕೆ ಬಳಸುತ್ತದೆ. ಅರ್ಧ ಪಿಕ್ಸೆಲ್‌ನ ಗೆರೆಯೂ ಇಂಥ ಪರದೆಗಳಲ್ಲಿ ಸಾಧ್ಯ. ನನ್ನ ಹಿತ್ತಾಳೆಯ ಹರಿತ ಅಂಚಿನ ಗೆರೆ ನೆನಪಿಸುವಷ್ಟು ತೆಳು.

ಆದರೆ ಅಜ್ಜನ ಪಟ್ಟಿಗೆ ಅಷ್ಟು ತೆಳು ಬೇಡ ಎಂದು ಒಂದು ಪಿಕ್ಸೆಲ್‌ಗೇ ನಿಂತೆವು. ಬಣ್ಣ ಮಾತ್ರ ಕಪ್ಪು ಬಿಟ್ಟು ಬೂದು ಮಾಡಿದೆವು. ಇಲ್ಲೊಂದು ಎಚ್ಚರಿಕೆಯ ಮಾತು. ಗೆರೆ ಮಾಸಲಾಗಬಹುದು, ಅಕ್ಷರ ಮಾಸಲಾಗಬಾರದು. ಬಿಳಿಯ ಮೇಲೆ ತಿಳಿಬೂದು ಅಕ್ಷರ ಇಟ್ಟು ನಮ್ಮಂಥ ವಯಸ್ಸಾದವರನ್ನು ಗೋಳಾಡಿಸುವ ಪುಟಗಳು ಬೇಕಾದಷ್ಟಿವೆ. ವೆಬ್‌ನ ಮಟ್ಟಗಳನ್ನು ನಿಗದಿ ಮಾಡುವ ಡಬ್ಲ್ಯೂ3ಸಿ ಸಂಸ್ಥೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ ಇರಬೇಕು ಎನ್ನುತ್ತದೆ. ಬಿಳಿಯ ಮೇಲೆ ಅಚ್ಚಕಪ್ಪು ಇಟ್ಟರೆ ಅದು 21ಕ್ಕೆ 1.

ಒತ್ತಕ್ಷರಕ್ಕೆ ಉಸಿರಾಡಲು ಜಾಗ

ಮೂರನೆಯ ಸಂಜೆ ನನ್ನ ಕಸುಬಿನ ಗುಟ್ಟು ಹೇಳಿಕೊಟ್ಟೆ. ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದಂತಲ್ಲ. ಮೇಲೆ ಗುಣಿತ, ಕೆಳಗೆ ಒತ್ತು. 'ಬೆಳಗ್ಗೆ' ಎಂದು ಬರೆದು ನೋಡಿ, ಕೆಳಗೆ ಗ-ಒತ್ತು ಇಳಿಬಿದ್ದಿದೆ. 'ರಾತ್ರಿ'ಯಲ್ಲಿ ರ-ಒತ್ತು. 'ಮಧ್ಯಾಹ್ನ'ದಲ್ಲಂತೂ ಎರಡು ಕಡೆ ಒತ್ತು. ನನ್ನ ಪಟ್ಟಿಯ ಮೂರು ಮುಖ್ಯ ಪದಗಳಲ್ಲೂ ಒತ್ತು ಇದೆ! ಅವುಗಳ ಕೆಳಗೇ ದಪ್ಪ ಕಪ್ಪು ಗೆರೆ ಬಂದರೆ ಒತ್ತು ಗೆರೆಯೊಳಗೆ ಮುಳುಗುತ್ತದೆ. ಮಂಜುಗಣ್ಣಿಗೆ ಅದು ಅಕ್ಷರವೋ ಗೆರೆಯೋ ತಿಳಿಯುವುದಿಲ್ಲ.

ಕೋಣೆಯ ಒಳಗೆ ಅಕ್ಷರದ ಸುತ್ತ ಬಿಡುವ ಜಾಗಕ್ಕೆ ಸಿಎಸ್‌ಎಸ್‌ನಲ್ಲಿ 'ಪ್ಯಾಡಿಂಗ್' ಎಂದು ಹೆಸರು. ನಾವು ಏನೂ ಹೇಳದಿದ್ದರೆ ಬ್ರೌಸರ್ ಬಿಡುವುದು ಒಂದೇ ಪಿಕ್ಸೆಲ್. ಕನ್ನಡಕ್ಕೆ ಅದು ಏನೇನೂ ಸಾಲದು. ಮೇಲೆ ಕೆಳಗೆ 10, ಅಕ್ಕಪಕ್ಕ 14 ಪಿಕ್ಸೆಲ್ ಕೊಟ್ಟೆವು. ಗೋಡೆ ತೆಳುವಾದ್ದರಿಂದ ಉಳಿದ ಜಾಗ ಇಲ್ಲಿ ಉಪಯೋಗಕ್ಕೆ ಬಂತು. ಅಕ್ಷರದ ಗಾತ್ರವನ್ನೂ ಒಂದಿಷ್ಟು ಹೆಚ್ಚಿಸಿದೆವು.

ಅಡ್ಡಗೆರೆ ಇರಲಿ, ಉದ್ದಗೆರೆ ಹೋಗಲಿ

ಅಮೆರಿಕದ ಎಡ್ವರ್ಡ್ ಟಫ್ಟಿ ಎಂಬ ಪ್ರಾಧ್ಯಾಪಕರು ಅಂಕಿ-ಅಂಶಗಳನ್ನು ತೋರಿಸುವ ಬಗೆಯ ಮೇಲೆ 1983ರಲ್ಲಿ ಒಂದು ಹೆಸರಾಂತ ಪುಸ್ತಕ ಬರೆದರು. ವಿಷಯವನ್ನು ಹೇಳದ ಶಾಯಿಯನ್ನು ಆದಷ್ಟು ಅಳಿಸಿ ಎಂಬುದು ಅವರ ವಾದದ ತಿರುಳು. ನನ್ನ ಅಚ್ಚುಕೂಟದ ಹಿರಿಯರ ಮಾತೂ ಅದೇ ಅಲ್ಲವೇ?

ನಮ್ಮ ಪಟ್ಟಿಗೆ ಆ ಪ್ರಶ್ನೆ ಕೇಳಿದೆವು. ನಾನು ಪಟ್ಟಿಯನ್ನು ಓದುವುದು ಎಡದಿಂದ ಬಲಕ್ಕೆ. ಮಾತ್ರೆಯ ಹೆಸರು ಹಿಡಿದು ಅದೇ ಸಾಲಿನಲ್ಲಿ ಸಾಗಬೇಕು. ಆ ದಾರಿಗೆ ಅಡ್ಡಗೆರೆ ಹಳಿಯಂತೆ ಸಹಾಯ ಮಾಡುತ್ತದೆ, ಉದ್ದಗೆರೆ ಗೇಟಿನಂತೆ ತಡೆಯುತ್ತದೆ. ಉದ್ದಗೆರೆಗಳನ್ನೆಲ್ಲ ತೆಗೆದು, ಪ್ರತಿ ಕೋಣೆಯ ಕೆಳಗಿನ ಗೆರೆಯನ್ನು ಮಾತ್ರ ಉಳಿಸಿದೆವು. ಇಲ್ಲೂ 'ಕೊಲ್ಯಾಪ್ಸ್' ಬೇಕೇ ಬೇಕು. ಇಲ್ಲದಿದ್ದರೆ ಕೋಣೆ ಕೋಣೆಯ ನಡುವಿನ ಓಣಿಯಲ್ಲಿ ಗೆರೆ ತುಂಡಾಗುತ್ತದೆ. ನನ್ನ ಹಿತ್ತಾಳೆಯ ಗೆರೆಗಳ ಮೂಲೆಯ ಬಿರುಕಿನ ಹಾಗೆ!

ಒಂದು ಬಿಟ್ಟು ಒಂದು ಸಾಲಿಗೆ ತೀರಾ ತಿಳಿಯಾದ ಹಳದಿ ಹಿನ್ನೆಲೆ ಕೊಟ್ಟಳು. ಸಾಲು ಜಾರದಂತೆ ಕಣ್ಣಿಗೆ ಇದು ಇನ್ನೊಂದು ಊರುಗೋಲು. ಶೀರ್ಷಿಕೆಯ ಕೆಳಗೆ ಮಾತ್ರ ಎರಡು ಪಿಕ್ಸೆಲ್‌ನ ಕಪ್ಪು ಗೆರೆ. ಇಡೀ ಪಟ್ಟಿಯಲ್ಲಿ ದಪ್ಪ ಗೆರೆ ಒಂದೇ ಆದ್ದರಿಂದ ಮೇಲಿರುವುದು ಶೀರ್ಷಿಕೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಕಣ್ಣು ಕಾಣದ ಗೆಳೆಯನ ಪ್ರಶ್ನೆ

ನಾಲ್ಕನೆಯ ಸಂಜೆ ನನ್ನ ಹಳೆಯ ಗೆಳೆಯ ಬಂದಿದ್ದ. ಅಚ್ಚುಕೂಟದಲ್ಲಿ ಜೊತೆಗಿದ್ದವನು. ಕೆಲವು ವರ್ಷಗಳಿಂದ ಅವನಿಗೆ ದೃಷ್ಟಿ ಇಲ್ಲ. ನಮ್ಮ ಗೆರೆಗಳ ವರ್ಣನೆ ಪೂರಾ ಕೇಳಿ, "ಎಲ್ಲ ಸರಿ ಕಣಮ್ಮ, ನಿನ್ನ ಪಟ್ಟಿ ನನಗೆ ಓದಿ ಹೇಳುತ್ತಾ?" ಎಂದ.

ಕಣ್ಣು ಕಾಣದವರು ಪರದೆಯನ್ನು ಧ್ವನಿಯಲ್ಲಿ ಓದಿಸುವ ತಂತ್ರಾಂಶ ಬಳಸುತ್ತಾರೆ. ಎನ್‌ವಿಡಿಎ ಎಂಬುದು ಅಂಥದೊಂದು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು 2006ರಲ್ಲಿ ಶುರುಮಾಡಿದರು. ಅವರಿಗೂ ಕಣ್ಣು ಕಾಣದು. ಅದು ಎಲ್ಲರಿಗೂ ಉಚಿತ. ಇಂಥ ತಂತ್ರಾಂಶಕ್ಕೆ ಗೆರೆ ದಪ್ಪವೋ ತೆಳುವೋ ಬೇಕಿಲ್ಲ. ಅದಕ್ಕೆ ಬೇಕಾದದ್ದು ಯಾವುದು ಶೀರ್ಷಿಕೆ, ಯಾವುದು ಕೋಣೆ ಎಂಬ ಗುರುತು.

ಮೊಮ್ಮಗಳು ನಾಲಿಗೆ ಕಚ್ಚಿಕೊಂಡಳು. ಶೀರ್ಷಿಕೆಗಳಿಗೂ ಅವಳು 'ಟಿಡಿ' ಎಂದೇ ಬರೆದು, ಅಕ್ಷರವನ್ನು ಮಾತ್ರ ದಪ್ಪ ಮಾಡಿದ್ದಳು. ಕಣ್ಣಿಗೆ ಶೀರ್ಷಿಕೆ, ಕಿವಿಗೆ ಅಲ್ಲ. ಓದಿಸಿದಾಗ ಬರೀ 'ಸೊನ್ನೆ, ಸೊನ್ನೆ, ಒಂದು' ಎಂದಿತು. ಯಾವ ಹೊತ್ತಿಗೆ ಒಂದು? ತಿಳಿಯದು. ಅವನ್ನೆಲ್ಲ 'ಟಿಎಚ್' ಎಂದು ಬದಲಿಸಿದ ಮೇಲೆ, ಕೋಣೆಯಿಂದ ಕೋಣೆಗೆ ಸರಿಯುವಾಗ 'ರಾತ್ರಿ, ಒಂದು' ಎಂದು ಶೀರ್ಷಿಕೆಯನ್ನೂ ಸೇರಿಸಿ ಹೇಳತೊಡಗಿತು. ಗೆಳೆಯ ತಲೆದೂಗಿದ. "ಈಗ ನಿನ್ನಜ್ಜನಿಗೆ ಕಣ್ಣು ಪೂರಾ ಹೋದರೂ ಭಯವಿಲ್ಲ" ಎಂದು ನಕ್ಕ. ನಮ್ಮ ಮನೆಯಾಕೆ ಬಿಡ್ತು ಅನ್ನಿ ಎಂದು ಗದರಿದಳು.

ಕೊನೆಯ ಪರೀಕ್ಷೆ

ಹೊಸ ಪಟ್ಟಿಯನ್ನು ನಾನು ತಕ್ಷಣ ಬಳಸಲಿಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದದೆ ಯಾವುದೂ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ನೋಡಬೇಕು. ಹಾಗೆಯೇ ಮೊಮ್ಮಗಳು ಪಟ್ಟಿ ಓದಿದಳು, ಅವಳ ಅಪ್ಪ ವೈದ್ಯರ ಚೀಟಿ ನೋಡಿದ. ಆಮೇಲೆ ಅದಲು ಬದಲು. ನಂತರ ನಮ್ಮ ಮನೆಯಾಕೆಯನ್ನು ಮೇಜಿನಿಂದ ಎರಡು ಹೆಜ್ಜೆ ದೂರ ನಿಲ್ಲಿಸಿ, "ಬಿಳಿ ಚಿಕ್ಕ ಮಾತ್ರೆ ಯಾವಾಗ?" "ಮಧ್ಯಾಹ್ನಕ್ಕೆ ಯಾವುದು?" ಎಂದು ಹತ್ತು ಪ್ರಶ್ನೆ ಕೇಳಿದಳು. ಹತ್ತಕ್ಕೆ ಹತ್ತು. ಹಳೆಯ ಪಟ್ಟಿಯನ್ನೂ ತೋರಿಸಿ ಬೇರೆ ಹತ್ತು ಪ್ರಶ್ನೆ ಕೇಳಿದಾಗ ಎರಡು ತಪ್ಪಿದವು. ಅದೇ ಆರು ಮಾತ್ರೆ, ಅವೇ ಅಂಕಿಗಳು.

"ಹಾಗಾದರೆ ತಪ್ಪು ನಂದೇ ತಾನೆ ಅಜ್ಜ? ಗೆರೆ ಎಳೆದವಳು ನಾನೇ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಹೌದು, ಗೆರೆ ನಿಂದು. ಓದದೆ ಆತುರಪಟ್ಟವನು ನಾನು. ಇಬ್ಬರೂ ತಿದ್ದಿಕೊಂಡೆವಲ್ಲ" ಎಂದೆ. ಅವಳಿಗೆ ಅದು ಸಮಾಧಾನವಾದಂತೆ ಕಂಡಿತು. ಟ್ಯಾಬನ್ನು ಒರೆಸಿ ಮತ್ತೆ ಊಟದ ಮೇಜಿನ ಮೇಲೆ ಅವಳೇ ನಿಲ್ಲಿಸಿದಳು.

ನೀವೂ ಮಾಡಿ ನೋಡಿ

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲೋ ಮನೆಯದರಲ್ಲೋ ನಿಮ್ಮ ತರಗತಿಯ ವೇಳಾಪಟ್ಟಿಯನ್ನು ವೆಬ್ ಪುಟವಾಗಿ ಮಾಡಿ. ಈ ಕ್ರಮ ಅನುಸರಿಸಿ:

1. ಶೀರ್ಷಿಕೆಗಳಿಗೆ 'ಟಿಎಚ್', ಉಳಿದ ಕೋಣೆಗಳಿಗೆ 'ಟಿಡಿ' ಬಳಸಿ.

2. ಇಡೀ ಟೇಬಲ್‌ಗೆ 'ಬಾರ್ಡರ್-ಕೊಲ್ಯಾಪ್ಸ್' ಎಂದು ಬರೆದು 'ಕೊಲ್ಯಾಪ್ಸ್' ಬೆಲೆ ಕೊಡಿ.

3. ಕೋಣೆಗಳ ಕೆಳಗೆ ಮಾತ್ರ ಒಂದು ಪಿಕ್ಸೆಲ್‌ನ ಬೂದು ಗೆರೆ ಎಳೆಯಿರಿ. ಶೀರ್ಷಿಕೆಯ ಕೆಳಗೆ ಎರಡು ಪಿಕ್ಸೆಲ್.

4. ಪ್ಯಾಡಿಂಗ್ ಧಾರಾಳವಾಗಿರಲಿ. ಒತ್ತಕ್ಷರ ಗೆರೆಗೆ ತಾಗದಿದ್ದರೆ ಸರಿಯಾಗಿದೆ ಎಂದರ್ಥ.

5. ಹೆಸರುಗಳನ್ನು ಎಡಕ್ಕೆ ಹೊಂದಿಸಿ. ದೊಡ್ಡ ಅಂಕಿಗಳಿದ್ದರೆ ಬಲಕ್ಕೆ ಹೊಂದಿಸಿ, ಆಗ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುತ್ತದೆ.

6. ಮುಗಿದ ಮೇಲೆ ಅಜ್ಜಿಗೋ ಅಜ್ಜನಿಗೋ ತೋರಿಸಿ ಪ್ರಶ್ನೆ ಕೇಳಿ. ಅವರು ತಡವರಿಸಿದರೆ ಪಟ್ಟಿಯನ್ನು ತಿದ್ದಿ, ಅವರನ್ನಲ್ಲ!

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಮಾತ್ರೆಯ ಪಟ್ಟಿಯನ್ನು ಮಕ್ಕಳು ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ ಮನೆಯ ದೊಡ್ಡವರೊಬ್ಬರು ವೈದ್ಯರ ಚೀಟಿಯ ಜೊತೆ ತಾಳೆ ನೋಡಲಿ. ವೈದ್ಯರು ಮಾತ್ರೆ ಬದಲಿಸಿದ ದಿನವೇ ಪಟ್ಟಿಯೂ ಬದಲಾಗಲಿ.

ಹೋದ ತಿಂಗಳು ನನ್ನ ಒಂದು ಮಾತ್ರೆ ಬದಲಾಯಿತು. ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಮೊಮ್ಮಗಳು ಚೀಟಿಗೆ ಕೈ ಒಡ್ಡಿದಳು. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಪಟ್ಟಿಯಲ್ಲಿ ಹೊಸ ಸಾಲು ಸೇರಿತ್ತು. ಕೆಳಗೆ ಕೂದಲೆಳೆಯಂಥ ಬೂದು ಗೆರೆ. ನಾನು ಹೊಸ ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಓದಿ, ಆಮೇಲೆ ಮಾತ್ರೆ ನುಂಗಿದೆ.